ತಂಗಿ ಕಲಿತ ಹುಚ್ಚು

ಮೆಕ್ಸಿಕೋ ನಗರ, 1949

ಫೆಬ್ರವರಿ 8, ಮಂಗಳವಾರ

ಅಮ್ಮ ಇವತ್ತೂ ಗಂಜಿ ಉಗಿದಳು. ಮೊದಲು ಲಾಲಿತೊಗೆ ಕುಡಿಸಬೇಕಂತೆ, ಆಮೇಲೆ ತಾನು. ಲಾಲಿತೊ ಅಂದರೆ ಸುತ್ತಿಟ್ಟ ಒಂದು ಬೂದು ಶಾಲು. ತಮ್ಮ ಲಾಲಿತೊ ತೀರಿಕೊಂಡು ಹನ್ನೊಂದು ವರ್ಷ. ಜ್ವರ. ತೊಟ್ಟಿಲ ಕೂಸು. ಅವನಿಗೆ ಹೊದಿಸಿದ್ದ ಶಾಲನ್ನು ಅಮ್ಮ ಅಂದಿನಿಂದ ಮಡಿಲಿನಿಂದ ಇಳಿಸಿಲ್ಲ. ಒಗೆಯಲೂ ಬಿಡುವುದಿಲ್ಲ.

ಸಂಜೆ ಕಾಲರ್ ಹೊಲಿಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದು. ತೆಗೆದರೆ — ಒತೀಲಿಯಾ! ತಂಗಿ. ಹದಿನೇಳಕ್ಕೇ ಮನೆ ಬಿಟ್ಟವಳು. ತಲೆಗೆ ಹ್ಯಾಟು, ತುಟಿಗೆ ಬಣ್ಣ. ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾರ್ಟು ಮಾಡುತ್ತಾಳೆಂದು ಅವರಿವರಿಂದ ಕೇಳಿದ್ದೆ, ಅಷ್ಟೆ.

"ಒಳಗೆ ಬಾ ಅನ್ನಲ್ವಾ ಅಕ್ಕಾ?"

"ದಾರಿ ನೆನಪಿತ್ತೇನೇ ನಿಂಗೆ?"

ಅತ್ತಳು. ನಾನೂ ಅತ್ತೆ. ಅಮ್ಮ ಮಾತ್ರ ಶಾಲಿಗೆ ಸದ್ದು ಕೇಳಿಸದಂತೆ ಕೈ ಅಡ್ಡ ಹಿಡಿದಿದ್ದಳು.

ಫೆಬ್ರವರಿ 20

ದಿನಾ ಬರುತ್ತಾಳೆ. ಅಮ್ಮನ ಕಾಲ ಬಳಿ ಗಂಟೆಗಟ್ಟಲೆ ಕೂರುತ್ತಾಳೆ. ತಲೆ ಬಾಚುತ್ತಾಳೆ. ವಠಾರದವರೆಲ್ಲ ಬೆರಗಾಗಿದ್ದಾರೆ. ಪಕ್ಕದ ಮನೆಯ ಹಿರಿಯಾಕೆ ದೊನ್ಯಾ ಟ್ರಿನಿ ನಲ್ಲಿ ಹತ್ತಿರ ಹಿಡಿದುಕೊಂಡರು: "ಎರ್ಲಿಂದಾ, ನೀನು ಅವಳನ್ನ ಬಾಯಿಗೆ ಬಂದಂಗೆ ಬೈತಿದ್ಯಲ್ಲೇ. ನೋಡೀಗ, ದೇವತೆ ಥರ ಬಂದವ್ಳೆ!" ನಾಚಿಕೆಯಾಯಿತು. ನಿಜವೇ. ಬೈಯುತ್ತಿದ್ದೆ.

ಈ ವಾರ ಮೊದಲ ಸಲ ಮಧ್ಯಾಹ್ನ ಹೊತ್ತು ಮಲಗಿದೆ. ಎಚ್ಚರವಾದಾಗ ಭಯ. ಆಮೇಲೆ ನೆನಪು — ತಂಗಿ ಇದ್ದಾಳೆ.

ಮಾರ್ಚ್ 13, ಭಾನುವಾರ

ಅಮ್ಮ ನಕ್ಕಳು! ಒತೀಲಿಯಾಳ ಗಲ್ಲ ಹಿಡಿದು ನಕ್ಕಳು. ನನ್ನ ಗಲ್ಲ ಹಿಡಿದದ್ದು... ಹೋಗಲಿ. ಹೊಟ್ಟೆಕಿಚ್ಚು ಒಳ್ಳೆಯದಲ್ಲ.

ರೊಟ್ಟಿ ತಟ್ಟುವಾಗ ಕೇಳಿದಳು: "ತಮ್ಮನ ಪೆಟ್ಟಿಗೆ ಎತ್ತೋ ದಿನ ಅಮ್ಮ ಏನಂದ್ಲು ಅಕ್ಕಾ? ನಾನು ಹೆದರಿ ಹೊರಗೆ ಓಡಿದ್ದೆ. ಸರಿಯಾಗಿ ಹೇಳು."

ಯಾರಿಗೂ ಹೇಳಿರಲಿಲ್ಲ. ಪಾದ್ರಿಗೂ. ಅವಳಿಗೆ ಹೇಳಿದೆ. ಹೊರುವವನ ತೋಳು ಹಿಡಿದು ಅಮ್ಮ ಅಂದದ್ದು: "ಮೆಲ್ಲಗಪ್ಪಾ... ಈಗಷ್ಟೇ ನಿದ್ದೆ ಹತ್ತಿದೆ ಮಗೂಗೆ."

ಕಣ್ಣು ಮುಚ್ಚಿ ಕೇಳಿದಳು. ಇನ್ನೊಂದು ಸಲ ಹೇಳು ಅಂದಳು. ಹೇಳಿದೆ. ಎದೆ ಹಗುರವಾಯಿತು. ಒಡಹುಟ್ಟಿದವರು ಇರಬೇಕು ಅನ್ನುವುದು ಇದಕ್ಕೇ.

ಏಪ್ರಿಲ್ 19

ಶಾಲು ಇಲ್ಲ. ಅಮ್ಮನ ಮಡಿಲಲ್ಲಿ ಬೇರೆ ಶಾಲು. ಹೊಸದು, ಬೂದು ಬಣ್ಣದ್ದೇ, ಹಾಗೆಯೇ ಸುತ್ತಿದ್ದು. ನಿದ್ದೆಯಲ್ಲಿ ಯಾರೋ ಬದಲಾಯಿಸಿದ್ದಾರೆ. ಯಾರೋ ಏನು! ನಿನ್ನೆ ಬಂದವಳು ಒಬ್ಬಳೇ.

ಅಮ್ಮನಿಗೆ ಮುಟ್ಟಿದ ಕೂಡಲೇ ಗೊತ್ತಾಯಿತು.

ಏಪ್ರಿಲ್ 21

ನಿಂತಿಲ್ಲ ಕೂಗು. ಗಂಟಲು ಒಡೆದು ರಕ್ತ. ಗೋಡೆಗೆ ಹಣೆ ಚಚ್ಚಿಕೊಂಡಳು. ನಾನು, ಟ್ರಿನಿ, ಅವರ ಗಂಡ ಸೇರಿ ಮಂಚಕ್ಕೆ ಕಟ್ಟಿದೆವು. ಕಟ್ಟಿದ್ದು ನಾನೇ. ಗಂಟು ಹಾಕಿದ್ದು ನಾನೇ. ಡಾಕ್ಟರ್ ಹೇಳಿ ಹೋದರು: "ಹೀಗೇ ಆದ್ರೆ ಹುಚ್ಚಾಸ್ಪತ್ರೆಗೆ ಸೇರಿಸ್ಬೇಕಮ್ಮ."

ಒತೀಲಿಯಾ ಪತ್ತೆಯಿಲ್ಲ. ನಾಳೆ ಸ್ಟುಡಿಯೋಗೆ ಹೋಗುತ್ತೇನೆ.

ಏಪ್ರಿಲ್ 22

ಎಲ್ಲ ಬರೆದುಬಿಡಬೇಕು.

ಹೊಲಿಗೆಯವಳು ಅಂದೆ. ಒಳಗೆ ಬಿಟ್ಟರು. ದೊಡ್ಡ ಷೆಡ್ಡು. ನಡುವೆ ಒಂದು ರೂಮು ಕಟ್ಟಿದ್ದಾರೆ — ನಮ್ಮ ರೂಮು! ಅದೇ ಮಂಚ, ಅದೇ ಕಿಟಕಿ. ಮಂಚದ ಮೇಲೆ ಅಮ್ಮ. ಅಲ್ಲ, ಒತೀಲಿಯಾ. ನರೆತ ವಿಗ್ಗು. ಮುಖಕ್ಕೆ ಸುಕ್ಕು ಬರೆದಿದ್ದಾರೆ. ಮಡಿಲಲ್ಲಿ ನಮ್ಮ ಶಾಲು. ಅಮ್ಮ ತೂಗಿದ ಹಾಗೆಯೇ ತೂಗುತ್ತಿದ್ದಾಳೆ. ಸದ್ದು ಕೇಳಿಸದಂತೆ ಕೈ ಅಡ್ಡ. ಆಮೇಲೆ ಆ ಮಾತು.

"ಮೆಲ್ಲಗಪ್ಪಾ... ಈಗಷ್ಟೇ ನಿದ್ದೆ ಹತ್ತಿದೆ ಮಗೂಗೆ."

ಲೈಟಿನವರು ಕಣ್ಣೊರೆಸಿಕೊಂಡರು. ಡೈರೆಕ್ಟರ್ ಓಡಿ ಬಂದ: "ಎಲ್ಲಿಂದ ತರ್ತೀಯಮ್ಮಾ ಇದನ್ನೆಲ್ಲ!"

"ಸುಮ್ನೆ ಬರುತ್ತೆ ಸಾರ್," ಅಂದಳು.

ಮಧ್ಯೆ ನುಗ್ಗಿದೆ. "ಕೊಡೇ ಅದನ್ನ!"

"ಅಕ್ಕಾ, ಇಲ್ಲಿ ಬೇಡ," ಪಿಸುಗುಟ್ಟಿದಳು. "ಹೊಸದು ಇಟ್ಟಿದ್ನಲ್ಲ. ಅಮ್ಮಂಗೆ ಏನು ಗೊತ್ತಾಗತ್ತೆ?"

"ಅಮ್ಮನ್ನ ಮಂಚಕ್ಕೆ ಕಟ್ಟಿಹಾಕಿದೀನಿ ಕಣೇ. ನನ್ನ ಕೈಯಾರೆ!"

ಅವಳ ಮುಖ ಬಿಳಿಚಿಕೊಂಡಿತು. ಅದು ಬಣ್ಣದ ಕೆಳಗೂ ಕಾಣಿಸಿತು. ಡೈರೆಕ್ಟರ್ ಕೇಳಿದ: "ಯಾರೀಕೆ?"

ನನ್ನನ್ನೇ ನೋಡಿದಳು ತಂಗಿ.

"ಹಳೇ ವಠಾರದ ಪರಿಚಯ ಸಾರ್. ಮನೇಲಿ ಕಷ್ಟ, ಪಾಪ."

ಶಾಲು ಕಿತ್ತುಕೊಂಡು ಬಂದೆ. ಯಾರೂ ತಡೆಯಲಿಲ್ಲ.

ಏಪ್ರಿಲ್ 23

ಅಮ್ಮ ಶಾಲು ಮೂಸಿದಳು. ಪೌಡರು, ಸೆಂಟು. ದೂರ ತಳ್ಳಿದಳು. "ಇದು ನಮ್ಮ ಮಗು ಅಲ್ಲ."

ಕೂಗುವುದನ್ನು ನಿಲ್ಲಿಸಿದ್ದಾಳೆ. ಕಟ್ಟು ಬಿಚ್ಚಿದೆ. ಬರಿದಾದ ಕೈಗಳನ್ನೇ ನೋಡುತ್ತಾ ಕೂತಿದ್ದಾಳೆ. ಕೂಗೇ ವಾಸಿಯಿತ್ತು.

ಅಕ್ಟೋಬರ್ 27

ಬರೆಯಲು ಏನೂ ಇರಲಿಲ್ಲ. ಕಾಲರ್, ಗಂಜಿ, ಕಾಲರ್.

ಊರ ಗೋಡೆಗಳ ಮೇಲೆಲ್ಲ ಒತೀಲಿಯಾಳ ಮುಖ. ನರೆಗೂದಲು, ನೀರು ತುಂಬಿದ ಕಣ್ಣು. ಟ್ರಿನಿ ಸಿನಿಮಾ ಪತ್ರಿಕೆ ತಂದು ಓದಿ ಹೇಳಿದರು. ಈ ಪಾತ್ರ ಹೇಗೆ ಮಾಡಿದಿರಿ ಅಂತ ಪ್ರಶ್ನೆ. ಅವಳ ಉತ್ತರ: "ಎಲ್ಲಾ ಕಲ್ಪನೆ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು."

ಟ್ರಿನಿ ಪತ್ರಿಕೆ ಮಡಚಿಟ್ಟರು. ಅಮ್ಮ ಪಕ್ಕದಲ್ಲೇ ಕಾಳು ಆರಿಸುತ್ತಿದ್ದಳು.

ನವೆಂಬರ್ 6, ಭಾನುವಾರ

ಅಮ್ಮನನ್ನು ಆ ಸಿನಿಮಾಗೆ ಕರೆದುಕೊಂಡು ಹೋದೆ. ದುರುದ್ದೇಶದಿಂದಲೇ. ಕೊನೆಗೆ ದೀಪ ಹತ್ತಿದಾಗ ಅಮ್ಮನನ್ನು ಎಬ್ಬಿಸಿ ನಿಲ್ಲಿಸಿ ಕೂಗಬೇಕು — ಇಗೋ, ಸತ್ತ ತಾಯಿ ಇಲ್ಲಿದ್ದಾಳೆ, ನೋಡಿ!

ಸಿನಿಮಾದಲ್ಲಿ ಹಿರಿಮಗಳು ಒಬ್ಬಳಿದ್ದಾಳೆ. ಹೊಲಿಗೆಯವಳು. ಸಿಡುಕಿ, ಗಯ್ಯಾಳಿ. ಹುಚ್ಚು ತಾಯಿಯನ್ನು ಮಂಚಕ್ಕೆ ಕಟ್ಟಿಹಾಕುತ್ತಾಳೆ. ಗಂಟು ಬಿಗಿಯುವಾಗ ಅವಳ ಕೈಗಳನ್ನೇ ಪರದೆ ತುಂಬ ತೋರಿಸಿದರು. ಹಿಂದಿನ ಸಾಲಿನ ಹೆಂಗಸು, "ನಿನ್ನ ಕೈ ಸೇದಿಹೋಗ!" ಅಂತ ಶಾಪ ಹಾಕಿದಳು. ಇಡೀ ಥಿಯೇಟರ್ ಶಾಪ ಹಾಕಿತು. ಕೈಗಳನ್ನು ಲಂಗದ ಮಡಿಕೆಯೊಳಗೆ ಮುಚ್ಚಿಕೊಂಡೆ.

ಕಟ್ಟಿಹಾಕಿದ ಮಾತನ್ನೂ ತಂಗಿಗೆ ಕೊಟ್ಟವಳು ನಾನೇ. ಅವತ್ತು, ಸ್ಟುಡಿಯೋದಲ್ಲಿ.

ದೀಪ ಹತ್ತಿತು. ಎದ್ದು ಕೂಗಲಾಗಲಿಲ್ಲ. ಅಮ್ಮ ನನ್ನ ತೋಳು ಅಲ್ಲಾಡಿಸಿದಳು. ತಿಂಗಳುಗಳ ಮೇಲೆ ಮೊದಲ ಮಾತು:

"ಆ ಹೆಂಗಸಿಗೆ ಯಾರೂ ಇಲ್ವೇನೇ? ಪಾಪ, ಮನೆಗೆ ಕರ್ಕೊಂಡು ಹೋಗೋಣ."

ಪರದೆ ಕಡೆಗೇ ನಡೆದಳು. ಎಳೆದುಕೊಂಡು ಬರಬೇಕಾಯಿತು. ಜನ ನೋಡಿದರು. ಎಳೆಯುವವಳನ್ನು.

ನವೆಂಬರ್ 13, ಸಂಜೆ

ಬಂದಿದ್ದಾಳೆ. ಹೊರಗೆ ಕಾರು, ವಠಾರದ ಮಕ್ಕಳೆಲ್ಲ ಅದರ ಸುತ್ತ. ಬಾಗಿಲಿಗೆ ಅಡ್ಡ ನಿಂತೆ.

"ಯಾರು ಬೇಕಿತ್ತು? ಹಳೇ ವಠಾರದ ಪರಿಚಯಾನಾ?"

"ಅಕ್ಕಾ... ಕಾಲಿಗೆ ಬೀಳ್ತೀನಿ. ನಿದ್ದೆ ಇಲ್ಲ. ಒಂದೇ ಒಂದ್ಸಲ ಅಮ್ಮನ್ನ ನೋಡ್ತೀನಿ."

"ನಿಮ್ಮಮ್ಮ ಸತ್ತೋದ್ಲಲ್ಲ!"

ಹಿಂದಿನಿಂದ ಅಮ್ಮ ನನ್ನನ್ನು ಸರಿಸಿದಳು. ಎಷ್ಟು ಬಲ ಆ ಕೈಗಳಲ್ಲಿ! ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ನೋಡಿದಳು. ಗುರುತು ಸಿಕ್ಕಿತು —

"ಬಂದ್ಯಾ ತಾಯಿ? ನಿನ್ನನ್ನ ಕಟ್ಟಿಹಾಕಿದ್ರಲ್ಲ ಅವರು! ಇಲ್ಲಿ ಯಾರೂ ಕಟ್ಟಲ್ಲ. ಬಾ ಒಳಗೆ."

"ಅಮ್ಮಾ, ನಾನು ಒತೀಲಿಯಾ. ನಿನ್ನ ಮಗಳು."

"ಹೂಂ, ಹೂಂ. ಹಾಗೇ ಅನ್ಕೋ. ಹೆದರ್ಬೇಡ."

ಮಡಿಲಲ್ಲಿ ಮಲಗಿಸಿಕೊಂಡಿದ್ದಾಳೆ. ತೂಗುತ್ತಿದ್ದಾಳೆ. ಒತೀಲಿಯಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ನಿಜವಾದ ಅಳುವೇ? ನನಗೆ ತಿಳಿಯುತ್ತಿಲ್ಲ. ಪರದೆಯ ಮೇಲೂ ಹೀಗೇ ಅತ್ತಿದ್ದಳು. ಇನ್ನು ಅವಳ ಯಾವ ಕಣ್ಣೀರನ್ನೂ ನಂಬಲು ನನ್ನಿಂದಾಗದು. ಓಡಿಸಲೂ ಆಗದು. ಅಮ್ಮನ ಕೈ ತುಂಬಿದೆ.

ಇತ್ತ ಅಡುಗೆ ಮೂಲೆಯಲ್ಲಿ ಕೂತು ಗೀಚುತ್ತಿದ್ದೇನೆ. ಅಮ್ಮ ಒಮ್ಮೆ ತಲೆಯೆತ್ತಿ ನನ್ನತ್ತ ನೋಡಿದಳು. ನನ್ನ ಕೈಗಳನ್ನು ನೋಡಿದಳು. ಒತೀಲಿಯಾಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಅವಳ ಕಿವಿಯಲ್ಲಿ ಹೇಳುತ್ತಿದ್ದಾಳೆ, ನನಗೂ ಕೇಳಿಸುತ್ತಿದೆ:

"ಸದ್ದು ಮಾಡ್ಬೇಡ. ಅವಳು ಇಲ್ಲೇ ಇದಾಳೆ. ಆ ಹೊಲಿಗೆಯವಳು —"

ಅಮ್ಮಾ, ನಾನು