ಕೊರಳಲ್ಲಿ ದಾರ ಬೇಡ

ಜೂನ್ 4, 1979. ಸೋಮವಾರ

ಸಿರಿಂಜು ಕುದಿಸಿ ಇಳಿಸಿದೆ. ಸ್ಟವ್ ಮತ್ತೆ ಹೊಗೆ. ಬತ್ತಿ ಬದಲಿಸಬೇಕು — ನೆನಪಿರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ. ಬೆಳಿಗ್ಗೆ ತಿಗನಾರೆಗೆ ಹೋಗಿ ಒಂಬತ್ತು ಕೂಸುಗಳ ತೂಕ. ಎರಡಕ್ಕೆ ಭೇದಿ. ಬರುವಾಗ ಚಪ್ಪಲಿಯ ಬಾರು ಕಿತ್ತು, ಒಂದೂವರೆ ಮೈಲಿ ಬರಿಗಾಲು.

ಸತ್ಯಮಂಗಲದ ಆಫೀಸಿನಿಂದ ಸರ್ಕ್ಯುಲರ್ ಬಂದಿದೆ. ಈ ವರ್ಷ ಮಕ್ಕಳ ವರ್ಷವಂತೆ. ಹನ್ನೊಂದರಿಂದ ಹದಿನಾಲ್ಕರ ಹೆಣ್ಣುಮಕ್ಕಳಿಗೆ ಕೂಸು ನೋಡಿಕೊಳ್ಳುವುದು, ಪ್ರಥಮ ಚಿಕಿತ್ಸೆ ಕಲಿಸಬೇಕು. ಶನಿವಾರ ಶನಿವಾರ, ಒಟ್ಟು ಆರು ಕ್ಲಾಸು. ಎಲ್ಲ ತಮಿಳಿನಲ್ಲಿ, ಇಲ್ಲಿನವರ ಮನೆಮಾತು ಕನ್ನಡವಾದರೂ. ಚಾರ್ಟಿನ ಮೇಲೆ ದುಂಡನೆಯ ಕೂಸೊಂದು ನಗುತ್ತಿದೆ; ಅಷ್ಟು ದುಂಡಗಿನದನ್ನು ಈ ಬೆಟ್ಟದಲ್ಲಿ ನಾನಂತೂ ಕಂಡಿಲ್ಲ.

ಮೊದಲು ಸಿಡುಕಿದೆ. ಆಮೇಲೆ ಸರಿ ಅನ್ನಿಸಿತು. ಇಲ್ಲಿ ತಾಯಂದಿರು ಬೆಳಗಾದರೆ ಹೊಲಕ್ಕೆ. ಕೂಸು ಸಾಕುವವರು ಈ ಹುಡುಗಿಯರೇ, ಸೊಂಟ ಸೊಟ್ಟಗಾಗುವವರೆಗೆ ಹೊತ್ತುಕೊಂಡು. ಅವರಿಗೆ ಇದುವರೆಗೆ ಯಾರೂ ಏನೂ ಕಲಿಸಿಲ್ಲ. ಬೈದಿದ್ದಾರೆ, ಅಷ್ಟೆ.

ಜೂನ್ 9. ಶನಿವಾರ

ಮೊದಲ ಕ್ಲಾಸು. ನಮ್ಮ ಸಬ್‌ಸೆಂಟರಿನ ಜಗಲಿಯಲ್ಲೇ. ಹನ್ನೊಂದು ಹುಡುಗಿಯರು, ಜೊತೆಗೆ ಒಂಬತ್ತು ಕೂಸು. ಒಂದು ನಿಲ್ಲಿಸಿದರೆ ಇನ್ನೊಂದು ಅಳು. ನನ್ನ ಗಂಟಲು ಬಿದ್ದುಹೋಯಿತು.

"ಕೂಸಿನ ಕೈ ಸುಟ್ರೆ ಏನ್ ಮಾಡ್ತೀರಿ?"

"ಇಂಕು ಉಯ್ತೀವಿ."

"ಫಿಟ್ಸ್ ಬಂದ್ರೆ?"

"ಕಬ್ಬುಣದ ಬೀಗದ ಕೈ ಇಡುಸ್ತೀವಿ."

"ಸೀಮೆಎಣ್ಣೆ ಕುಡುದ್ಬುಟ್ರೆ?"

"ಉಣ್ಸೆನೀರು ಕುಡ್ಸಿ ವಾಂತಿ ಮಾಡುಸ್ತೀವಿ."

ಎಲ್ಲದಕ್ಕೂ ಬೇಡ, ಬೇಡ ಅಂದೆ. ಹಿಂದಿನಿಂದ ಒಬ್ಬಳು ಎದ್ದಳು. "ಎಲ್ಲಾನೂ ಬ್ಯಾಡ ಅಂದ್ರೆ ನಾವು ಮಾಡೋದೇನು, ನರ್ಸಮ್ಮ?"

ಹೊಲ ಕಾಯುವ ರಾಚಪ್ಪನ ಮಗಳು. ಪುಟ್ಟನಂಜಮ್ಮ, ಎಲ್ಲರ ಬಾಯಲ್ಲೂ ನಂಜಿ. ಹನ್ನೆರಡು ವರ್ಷ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದಾಳೆ. ಎದುರುಮನೆ ಗುರುಮಲ್ಲಪ್ಪನವರ ಏಳು ತಿಂಗಳ ಮೊಮ್ಮಗನನ್ನು ನೋಡಿಕೊಳ್ಳುತ್ತಾಳೆ. ಅಲ್ಲೇ ಊಟ, ಸುಗ್ಗಿಯಲ್ಲಿ ಒಂದಿಷ್ಟು ರಾಗಿ. ಗುರುಮಲ್ಲಪ್ಪನವರು ನಮ್ಮ ಜನವೇ, ಲಿಂಗ ಕಟ್ಟಿದವರು. ನಾನಿರುವ ಈ ರೂಮು, ಈ ಜಗಲಿ ಅವರದೇ. ಊರಿನಲ್ಲಿ ಅವರ ಮಾತಿಗೆ ಎರಡನೇ ಮಾತಿಲ್ಲ.

ಸುಟ್ಟರೆ ತಣ್ಣೀರು. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸದೆ ನನ್ನ ಹತ್ತಿರ ಓಡಿ ಬನ್ನಿ. ಗಂಟಲಿಗೆ ಕಾಳು ಸಿಕ್ಕಿದರೆ — ಕೂಸಿನ ಬದಲು ಒಂದು ಸೋರೆಕಾಯಿಯನ್ನು ಮುಂಗೈ ಮೇಲೆ ಬೋರಲು ಹಾಕಿ ತೋರಿಸಿದೆ, ಬೆನ್ನಿಗೆ ಅಂಗೈಯಿಂದ ನಾಲ್ಕು ಏಟು. ನಂಜಿಯ ಏಟಿಗೆ ಸೋರೆಕಾಯಿ ಸೀಳಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ. ಸಂಜೆಗೆ ಅದೇ ಪಲ್ಯ.

ಜೂನ್ 16. ಶನಿವಾರ

ಎರಡನೇ ಕ್ಲಾಸು. ಮಲಗಿಸುವುದು. ತೊಲೆಗೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿ ತೋರಿಸಿದೆ. ಅಡ್ಡಕೋಲು ಬಿಗಿಯಾಗಿರಬೇಕು. ಕೆಳಗೆ ಒಲೆ ಇರಬಾರದು. ಕೊರಳಲ್ಲಿ ಏನೂ ಇರಬಾರದು — ತಾಯಿತ, ಕರಿದಾರ, ಬಜೆ ಸರ. ಕೂಸು ಹೊರಳಲು ಕಲಿತ ಮೇಲೆ ದಾರ ಜೋಲಿಯ ಗಂಟಿಗೆ ಸಿಕ್ಕಿ ಬಿಗಿದುಕೊಳ್ಳುತ್ತದೆ. ಜೀರಹಳ್ಳಿಯಲ್ಲಿ ಹೋದ ವರ್ಷ ಒಂದು ಕೂಸನ್ನು ನಾನೇ ಜೋಲಿಯಿಂದ ಇಳಿಸಿದ್ದು. ಆಗಲೇ ತಣ್ಣಗಾಗಿತ್ತು. ಅದನ್ನು ಹೇಳಿದೆ.

"ಯಾವ ದಾರ ಆದ್ರೂ ಸರಿ, ಮಲಗ್ಸೋವಾಗ ತಗೀಬೇಕು." ಮೂರು ಸಲ ಹೇಳಿಸಿದೆ. ಕೂಗಿ ಕೂಗಿ ಹೇಳಿದರು. ಒಳ್ಳೆ ಕ್ಲಾಸು.

ಜೂನ್ 21. ಗುರುವಾರ, ಸಂಜೆ 5

ಆದದ್ದು ಆದ ಹಾಗೆ ಬರೆಯುತ್ತೇನೆ.

ಒಂದು ಗಂಟೆಗೆ ಎದುರುಮನೆಯಿಂದ ಕರೆ. ಹೋದರೆ ಅಂಗಳದಲ್ಲಿ ಜನ. ನಡುವೆ ನಂಜಿ. ಕೂಸಿನ ತಾಯಿ ವಿಶಾಲಾಕ್ಷಿ ಹೊಲಕ್ಕೆ ಬುತ್ತಿ ಕೊಟ್ಟು ಬಂದು ಜೋಲಿ ನೋಡಿದ್ದಾಳೆ. ಕೂಸು ಮಲಗಿದೆ. ಕೊರಳು ಬರಿದು. ಲಿಂಗ ಇಲ್ಲ.

ಹುಟ್ಟಿದ ಹನ್ನೊಂದನೇ ದಿನ ಕಟ್ಟಿದ ಲಿಂಗ. ಅದನ್ನಿಡುವ ಬೆಳ್ಳಿಯ ಪುಟ್ಟ ಕರಡಿಗೆ, ಕೊರಳಿಗೆ ಕಟ್ಟುವ ಶಿವದಾರ. ಮೈಬಿಟ್ಟು ಇರಕೂಡದು. ನಂಜಿ ಅದನ್ನು ಬಿಚ್ಚಿ, ತೊಳೆದ ಮುತ್ತುಗದ ಎಲೆಯಲ್ಲಿ ಸುತ್ತಿ, ಜೋಲಿಯ ಮೇಲಿನ ತೊಲೆಯ ಸಂದಿಯಲ್ಲಿ ಇಟ್ಟಿದ್ದಳು. ದೇವರ ಕೋಣೆಗೆ ಅವಳು ಹೋಗುವಂತಿಲ್ಲ. ಕೆಳಗೆ ಇಡಲು ಮನಸ್ಸು ಬಂದಿಲ್ಲ.

"ಯಾರಮ್ಮಿ ತಗಿ ಅಂದೋರು?" ಗುರುಮಲ್ಲಪ್ಪನವರು.

"ನರ್ಸಮ್ಮ ಯೇಳಿದ್ರು ಬುದ್ಧಿ. ಯಾವ ದಾರಾನೂ ಇರ್ಬಾರ್ದು ಅಂತ. ಕೂಸು ಒಳ್ಳಾಡ್ತು, ದಾರ ಕೋಲ್ಗೆ ಸಿಕ್ಕೊಂಡು ಕೊರಳ್ಗೆ ಬಿಗೀತು. ಅದ್ಕೇ ಬಿಚ್ದೆ."

ಎಲ್ಲರೂ ನನ್ನ ಕಡೆ ತಿರುಗಿದರು.

"ಏನವ್ವ ಶಿವಮಲ್ಲಮ್ಮ. ನೀನೂ ಲಿಂಗ ಕಟ್ದೋಳು. ಲಿಂಗ ತಗೀರಿ ಅಂತ ಯೇಳ್ಕೊಟ್ಟಾ?"

ಕೂಸು ಅಜ್ಜಿ ಶಾಂತಮಲ್ಲಮ್ಮನ ತೊಡೆಯ ಮೇಲಿತ್ತು. ಕೊರಳ ಎಡಕ್ಕೆ ಕೆಂಪು ಗೆರೆ. ಕಂಡೆ. ಚೆನ್ನಾಗಿಯೇ ಕಂಡೆ.

"ಇಲ್ಲ ಅಪ್ಪಾಜಿ. ನಾನಂಗೆ ಯೇಳ್ನಿಲ್ಲ."

ನಂಜಿ ಅಳಲಿಲ್ಲ. ನನ್ನನ್ನು ನೋಡಿದಳು, ಅಷ್ಟೆ. ಹೊಲದ ಕಾವಲಿನಿಂದ ರಾಚಪ್ಪನನ್ನು ಕರೆಸಿದರು. "ಸುಳ್ ಬ್ಯಾರೆ ಯೇಳ್ತೀಯಾ, ದೊಡ್ಡೋರ್ ಮ್ಯಾಲೆ?" ಅಂತ ಎಲ್ಲರ ಮುಂದೆ ಹೊಡೆದ. ನಾಲ್ಕು ಏಟು. ನಾನು ಅಲ್ಲೇ ನಿಂತಿದ್ದೆ.

ಜೂನ್ 22

ಲಿಂಗ ಎಂಬ ಮಾತು ನನ್ನ ಬಾಯಲ್ಲಿ ಬಂದೇ ಇಲ್ಲ. ಆದ್ದರಿಂದ ನಾನು ಹೇಳಿದ್ದು ಸುಳ್ಳಲ್ಲ.

ಯಾರ ಮುಂದೆ ಈ ವಕೀಲಿಕೆ? ದಾರ ಎಂದಾಗ ನನ್ನ ಕಣ್ಣ ಮುಂದಿದ್ದದ್ದು ತಾಯಿತ, ಕರಿದಾರ. ಶಿವದಾರವನ್ನು ನಮ್ಮಲ್ಲಿ ಯಾರು ದಾರದ ಲೆಕ್ಕಕ್ಕೆ ಹಿಡಿಯುತ್ತಾರೆ? ನನ್ನ ಕೊರಳಲ್ಲೇ ಇದೆ — ಅದನ್ನು ಹಾಕಿಕೊಂಡೇ ಅವತ್ತು ಪಾಠ ಮಾಡಿದೆ, ಹೊಳೆಯಲೇ ಇಲ್ಲ. ಆ ಹುಡುಗಿಗೆ ಅದು ದಾರವಾಗಿಯೇ ಕಂಡಿತು. ಕೊರಳು ಬಿಗಿಯುತ್ತಿದ್ದ ದಾರ.

ಕೆಳಗೆ ತಮಿಳು ಬಯಲಿನಲ್ಲಿ, ಭವಾನಿ ಕಡೆ ಆರು ವರ್ಷ ಒದ್ದಾಡಿ, ಅರ್ಜಿ ಮೇಲೆ ಅರ್ಜಿ ಹಾಕಿ ನಮ್ಮ ಸೀಮೆಗೆ ಬಂದಿದ್ದೇನೆ. ಗುರುಮಲ್ಲಪ್ಪ ಒಂದು ಕಾಗದ ಬರೆದರೆ ಮತ್ತೆ ಬಯಲಿಗೆ. ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಜೂನ್ 23. ಶನಿವಾರ

ಮೂರನೇ ಕ್ಲಾಸು. ಇಬ್ಬರು ಬಂದರು. ಉಳಿದವರು? ಚಿನ್ನಮ್ಮ ಎಂಬ ಹುಡುಗಿ ನೆಲ ನೋಡುತ್ತ ಹೇಳಿದಳು, "ನಮ್ಮವ್ವ ಓಗ್ಬ್ಯಾಡ ಅಂತು. ನರ್ಸಮ್ಮ ಯೇಳ್ದಂಗೆ ಮಾಡುದ್ರೆ ಆಮೇಕೆ ನಾ ಯೇಳ್ನಿಲ್ಲ ಅಂತಾರೆ ಅಂತ."

ಕಪಾಳಕ್ಕೆ ಹೊಡೆದ ಹಾಗಾಯಿತು. ಬ್ಯಾಂಡೇಜ್ ಕಟ್ಟುವುದು ಹೇಳಿಕೊಟ್ಟು ಕಳಿಸಿದೆ.

ಜೂನ್ 30. ಶನಿವಾರ

ಯಾರೂ ಇಲ್ಲ. ವರದಿಯಲ್ಲಿ ಹಾಜರಿ ಹನ್ನೊಂದು ಅಂತ ಬರೆದೆ. ಇದೂ ಒಂದು ಸುಳ್ಳು.

ಜುಲೈ 3. ಮಂಗಳವಾರ, ಬೆಳಿಗ್ಗೆ 10

ತೂಕದ ನೆಪ ಮಾಡಿ ಎದುರುಮನೆಗೆ ಹೋದೆ. ಹೊಸ ಶಿವದಾರ, ಎರಡೆಳೆ ಹೊಸೆದು ಕಟ್ಟಿದ್ದಾರೆ, ಯಾರೂ ಬಿಚ್ಚಬಾರದೆಂದು ಆರು ಗಂಟು. ಹಳೆಯದಾದರೆ ಎಳೆದರೆ ಕಿತ್ತಾದರೂ ಹೋಗುತ್ತಿತ್ತು. ಇದು ಕಿತ್ತು ಬರುವುದಿಲ್ಲ. ನಂಜಿಯನ್ನು ಬಿಡಿಸಿದ್ದಾರೆ; ಕಾಯಲು ಈಗ ಕೂಸಿನ ಸೋದರತ್ತೆಯ ಏಳು ವರ್ಷದ ಮಗಳು, ಗಜ್ಜುಗ ಆಡುತ್ತಿದ್ದಳು. ಜೋಲಿ ಇರುವುದು ಹಿಂದಿನ ಕೋಣೆಯಲ್ಲಿ.

ಹೇಳಬೇಕೆಂದು ಬಾಯಿ ತೆರೆದೆ. "ತೂಕ ಚೆನ್ನಾಗದೆ" ಅಂದು ಬಂದೆ. ನನಗೆ ನನ್ನ ಮೇಲೇ ಅಸಹ್ಯ.

ಜುಲೈ 4. ಬುಧವಾರ, ಮಧ್ಯಾಹ್ನ 2

ಹನ್ನೊಂದಕ್ಕೆ ನೀರು ತರಲು ಎದುರುಮನೆಯ ಹಿತ್ತಲು ಹಾದು ಹೋಗುತ್ತಿದ್ದೆ. ಹಿಂದಿನ ಗೋಡೆಗೆ ಒತ್ತಿಕೊಂಡು ಯಾರೋ ನಿಂತಿದ್ದಾರೆ. ಕಿವಿ ಕಿಟಕಿಯ ಸರಳಿಗೆ. ನಂಜಿ.

"ಇಲ್ಲೇನ್ ಮಾಡ್ತಿದ್ದೀಯಮ್ಮಿ?"

ಬೆಚ್ಚಿದಳು. ಓಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

"ಉಸ್ರು ಕೇಳ್ತಾ ಇವ್ನಿ ನರ್ಸಮ್ಮ. ಇಲ್ ನಿಂತ್ರೆ ಕೂಸಿನ ಉಸ್ರು ಕೇಳುಸ್ತದೆ."

"ಯಾವಾಗಿಂದ?"

"ದಿನಾ ಬತ್ತೀನಿ. ಅದು ಮಲಗೋ ವತ್ಗೆ. ಎದ್ಮ್ಯಾಕೆ ಓಗ್ತೀನಿ."

"ಯಾರಾದ್ರೂ ಕಂಡ್ರೆ?"

"ಒಡೀತಾರೆ. ಉಸ್ರು ನಿಂತ್ರೆ ಕಿರ್ಚ್ಕೋತೀನಿ. ಒಳೀಕೆ ಓಗಂಗಿಲ್ವಲ್ಲ, ಅದ್ಕೆ."

ಬಿಂದಿಗೆ ಅಲ್ಲೇ ಇಟ್ಟೆ. ಅವಳ ಕೈ ಹಿಡಿದು ಮುಂಬಾಗಿಲಿಗೆ ಬಂದೆ. ಶಾಂತಮಲ್ಲಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಗುರುಮಲ್ಲಪ್ಪನವರು ಒಳಗಿನಿಂದ ಬಂದರು.

"ದೊಡ್ಡವ್ವ, ಅಪ್ಪಾಜಿ. ಅವತ್ತು ಯಾವ ದಾರ ಆದ್ರೂ ತಗೀಬೇಕು ಅಂತ ಯೇಳ್ಕೊಟ್ಟೋಳು ನಾನೇ. ಮೂರ್ ಸಲ ಯೇಳ್ಸಿದೆ. ಎದ್ರಿ ನಿಮ್ ಮುಂದೆ ಇಲ್ಲ ಅಂದ್ಬುಟ್ಟೆ. ಕೂಸಿನ ಕೊರಳ್ ಮ್ಯಾಲೆ ಗೀರು ಇದ್ದುದ್ದೂ ಕಂಡಿದ್ದೆ."

ಗುರುಮಲ್ಲಪ್ಪನವರ ಮುಖ ಕಪ್ಪಿಟ್ಟಿತು. ಶಾಂತಮಲ್ಲಮ್ಮ ಮೊರ ಕೆಳಗಿಟ್ಟು ಹಿಂದಿನ ಕೋಣೆಗೆ ಹೋದರು. ಬಹಳ ಹೊತ್ತಾಯಿತು. ಕೂಸನ್ನು ಎತ್ತಿಕೊಂಡು ಬಂದರು. ದಾರ ಕಂಕುಳಡಿ ಸುತ್ತಿ ಒಂದು ಸುರುಳಿ ಬಿದ್ದಿತ್ತು.

"ಕತ್ರಿ ಕೊಡವ್ವ," ಅಂದರು ನನಗೆ, ಗೋಡೆಯ ಗೂಡು ತೋರಿಸಿ.

ಶಿವದಾರಕ್ಕೆ ಕತ್ತರಿ! ನನ್ನ ಕೈ ಏಳಲಿಲ್ಲ. ಅವರೇ ಗೂಡಿನಿಂದ ತೆಗೆದುಕೊಂಡರು. ಲಿಂಗವನ್ನು ಕೂಸಿನ ಎದೆಗೆ ಒತ್ತಿ ಹಿಡಿದೇ ಗಂಟು ಕತ್ತರಿಸಿದರು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿದರು. ಮೈಬಿಡಲಿಲ್ಲ. "ನಮ್ಮತ್ತೆ ಕೂಸ್ಗಳ್ಗೆ ಇಂಗೇ ಕಟ್ತಿತ್ತು. ಬೆಳ್ಳಿ ಕರಡ್ಗೆ ನಾಕು ಜನಕ್ಕೆ ಕಾಣ್ಲಿ ಅಂತ ಕೊರಳ್ಗೆ ತಂದೋರು ನಾವು. ಒಂದ್ ಮಾತು ಕೇಳಿದ್ರೆ ಅವತ್ತೇ ಯೇಳ್ತಿದ್ನಲ್ಲ, ಶಿವಮಲ್ಲಮ್ಮ."

ಹೌದು. ಕೇಳಬಹುದಿತ್ತು. ಮೊದಲೇ, ಪಾಠಕ್ಕೂ ಮೊದಲೇ. ತಮಿಳು ಚಾರ್ಟು ಓದಿ ಹೇಳಿದೆನೇ ಹೊರತು ಈ ಮನೆಗಳ ಅಜ್ಜಿಯರನ್ನು ಒಂದು ಮಾತು ಕೇಳಲಿಲ್ಲ.

ಜುಲೈ 5

ಬೆಳಿಗ್ಗೆ ಗುರುಮಲ್ಲಪ್ಪನವರು ಜಗಲಿಗೆ ಬಂದರು. ಕೂರಲಿಲ್ಲ.

"ಒಳಗೆ ಆದದ್ದು ಒಳಗೇ ಇರ್ಲಿ. ಆ ಉಡ್ಗಿ ಬೇಕಾದ್ರೆ ಕೆಲಸಕ್ಕೆ ಬರ್ಲಿ, ನಾ ಬ್ಯಾಡ ಅನ್ನಲ್ಲ. ನಾಕು ಜನದ ಮುಂದೆ ಬಾಯಿ ಬುಡಬ್ಯಾಡ. ಗುರುಮಲ್ಲಪ್ಪ ಸುಮ್ಮಸುಮ್ಮನೆ ಕೂಸಿನಂತೋಳ್ಗೆ ಒಡ್ಸಿದ ಅಂತ ಊರು ಆಡ್ಕೋಬಾರ್ದು. ಬಾಯಿ ಬುಟ್ಯೋ, ರೂಮ್ ಖಾಲಿ ಮಾಡು. ನಿಮ್ಮಾಫೀಸ್ಗೆ ದೂರಿನ ಮನು ನಾನೇ ಬರ್ದಾಕ್ತೀನಿ."

ತಲೆ ಆಡಿಸಿದೆ. ಹೂಂ ಅಂತಲೋ ಉಹೂಂ ಅಂತಲೋ ನನಗೇ ತಿಳಿಯಲಿಲ್ಲ.

ಜುಲೈ 6. ಶುಕ್ರವಾರ

ಸಂಜೆ ನಂಜಿ ಬಂದಳು. ಹೊಸ್ತಿಲಾಚೆ ನಿಂತಳು.

"ಅಜ್ಜವ್ವ ಕೆಲಸಕ್ಕೆ ಬಾ ಅಂತು. ಓಯ್ತೀನಿ. ನಮ್ಮಪ್ಪ ಮಾತ್ರ ಇನ್ನೂ ಮಾತಾಡುಸ್ತಿಲ್ಲ. ಸುಳ್ಳಿ ಅಂತಾನೆ. ನೀರಿಗೋದ್ರೆ ಉಡ್ಗೀರೂ ಅಂಗೇ ಅಂತಾರೆ."

"ನಾಳೆ ಕ್ಲಾಸ್ಗೆ ಬಾ."

"ಅಲ್ಲಿ ಯೇಳ್ತೀರಾ?"

ಸ್ಟವ್ ಬತ್ತಿ ಸರಿಮಾಡಲು ಬಗ್ಗಿದೆ.

"ಯೇಳ್ದಿದ್ರೂ ಬತ್ತೀನಿ, ನರ್ಸಮ್ಮ. ಆವು ಕಚ್ಚಿದ್ರೆ ಏನ್ ಮಾಡ್ಬೇಕು ಅಂತ ಇನ್ನೂ ಯೇಳ್ಕೊಟ್ಟಿಲ್ಲ ನೀವು."

ಅವಳು ಹೋದ ಮೇಲೆ ಅತ್ತೆ. ಬಹಳ ವರ್ಷದ ಮೇಲೆ ಇಷ್ಟು ಅತ್ತದ್ದು.

ಜುಲೈ 7. ಶನಿವಾರ, ಮಧ್ಯಾಹ್ನ 3.45

ಮನೆ ಮನೆಗೆ ಹೋಗಿ ಕರೆದು ಬಂದೆ. ತಾಯಂದಿರನ್ನೂ ಬನ್ನಿ ಅಂದೆ. ಯಾಕೆ ಅಂತ ಹೇಳಲಿಲ್ಲ. ಟ್ರಂಕಿಗೆ ಸೀರೆಗಳನ್ನು ತುಂಬಿ ಇಟ್ಟಿದ್ದೇನೆ. ಅಷ್ಟು ಮಾಡಿದರೆ ಧೈರ್ಯ ಬರುತ್ತದೆಂದುಕೊಂಡೆ. ಬರಲಿಲ್ಲ.

ಏನು ಹೇಳಬೇಕೆಂದು ಬರೆದು ನೋಡುತ್ತಿದ್ದೇನೆ. "ಒಂದು ತಪ್ಪು ತಿಳುವಳಿಕೆ ಆಯಿತು" — ಥೂ, ಆಫೀಸಿನ ಮಾತು. "ನಂಜಿಯ ತಪ್ಪಿಲ್ಲ" — ಸಾಲದು, ಹಾಗಾದರೆ ಯಾರದು ಅಂತ ಕೇಳುತ್ತಾರೆ. ಕೇಳಲಿ.

ಕಿಟಕಿಯಿಂದ ಕಾಣುತ್ತಿದೆ. ಹದಿನೈದು, ಹದಿನಾರು ಜನ. ಕೂಸುಗಳ ಅಳು ಶುರುವಾಯಿತು. ರಾಚಪ್ಪನೂ ಬಂದಿದ್ದಾನೆ, ದೂರದಲ್ಲಿ, ಟವಲು ಹೆಗಲಿಗೆ ಹಾಕಿ. ಎದುರುಮನೆಯ ಬಾಗಿಲಲ್ಲಿ ಗುರುಮಲ್ಲಪ್ಪನವರು ನಿಂತು ಇತ್ತಲೇ ನೋಡುತ್ತಿದ್ದಾರೆ. ನಂಜಿ ಎಲ್ಲರಿಗಿಂತ ಮುಂದೆ ಕೂತಿದ್ದಾಳೆ. ಅವಳ ಪಕ್ಕ ಜಾಗ ಖಾಲಿ, ಯಾರೂ ಕೂತಿಲ್ಲ.

ಕರೆಯುತ್ತಿದ್ದಾರೆ. ಹೇಳಬೇಕಾದದ್ದು ಎರಡೇ ಮಾತು. ನಂಜಿ ಸುಳ್ಳು ಹೇಳಲಿಲ್ಲ. ಹೇಳಿದವಳು —