ಒಂದೇ ತಾಟಿಗೆ ಸುರಿದ ಗುಂಡುಗಳು

ಅಪ್ಪಾಜಿ,

ಒಂದೇ ಮನೆಯಲ್ಲಿದ್ದುಕೊಂಡು ನಿಮಗೆ ಪತ್ರ ಬರೆಯುತ್ತಿದ್ದೇನೆ. ಎದುರಿಗೆ ಕೂತರೆ ನೀವು ಪೇಪರ್ ಅಡ್ಡ ಹಿಡಿಯುತ್ತೀರಿ, ನಾನು ಕೂಗಾಡುತ್ತೇನೆ, ಅವ್ವ ನಡುವೆ ಬಂದು ಅಳುತ್ತಾಳೆ. ಅದಕ್ಕೇ ಈ ಕಾಗದ. ಪೂರ್ತಿ ಓದಿ.

ನಿನ್ನೆ ಉಮಾವತಿ ಅತ್ತೆ ಹೊಸ ಫೋನಿಗೆ ಹಳೆಯ ಫೋಟೋಗಳನ್ನು ತುಂಬಿಕೊಳ್ಳುವಾಗ ನನಗೊಂದು ಕಳಿಸಿದರು. ನಮ್ಮ ಮನೆಯ ಖಂಡೆನವಮಿಯ ಆಯುಧ ಪೂಜೆ. ನನ್ನ ರೈಫಲ್‌ಗೆ ಚೆಂಡುಹೂವಿನ ಮಾಲೆ, ಪಕ್ಕದಲ್ಲಿ ತಾಟಿನ ತುಂಬ ಗುಂಡು, ಅದರ ಹಿಂದೆ ಐದು ಡಬ್ಬಿ. ಐದೂ ಖಾಲಿ. ಅವತ್ತು ನಾನು ಊರಾಚೆ ಮಗರಪಟ್ಟಾದ ಆಫೀಸಿನಲ್ಲಿದ್ದೆ, ಕಪಾಟಿನ ಕೀಲಿ ನಿಮ್ಮ ಹತ್ತಿರವಿತ್ತು.

ಆ ಐದರಲ್ಲಿ ಎರಡು ಡಬ್ಬಿ ಹಳೆಯ ಲಾಟಿನವು, ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದವು. ಆಯ್ಕೆ ಸ್ಪರ್ಧೆಗೆಂದೇ ಒಂದು ವರ್ಷ ಮುಟ್ಟದೆ ಇಟ್ಟಿದ್ದೆ. ಹೊಸ ಲಾಟಿನ ಮೂರು ಬರೀ ಅಭ್ಯಾಸಕ್ಕೆ. ಕಂಪನಿ ಒಂದೇ, ಗುಂಡಿನ ಮೇಲಿನ ಗುರುತೂ ಒಂದೇ, ಲಾಟಿನ ನಂಬರು ಮಾತ್ರ ಡಬ್ಬಿಯ ಮೇಲೆ. ಹಳೆಯವು ಹೇಳಿದ ಮಾತು ಕೇಳುತ್ತಿದ್ದವು. ಹೊಸವು ಒಂದು ಗುರಿಯ ನಡುವಿನ ಹತ್ತಕ್ಕೆ ಹೋದರೆ ಇನ್ನೊಂದು ಎಂಟಕ್ಕೆ, ಮತ್ತೊಂದು ಹಾರುವುದೇ ಇಲ್ಲ. ಈ ಸಣ್ಣ ಗುಂಡಿಗೆ ಕಿಡಿ ಹೊತ್ತಿಸುವ ಮದ್ದು ಇರುವುದು ಹಿಂಬದಿಯ ಅಂಚಿನೊಳಗೆ, ಅಲ್ಲಿ ಒಂದು ಕಡೆ ಮದ್ದು ಸರಿಯಾಗಿ ಕೂರದಿದ್ದರೆ ಪಿನ್ನು ಬಡಿದರೂ ಟಕ್ ಅಂದು ಸುಮ್ಮನಾಗುತ್ತದೆ. ಇದನ್ನೆಲ್ಲ ನನಗೆ ಕಲಿಸಿದವರೇ ನೀವು. “ನಮ್ಮ ಎನ್‌ಸಿಸಿ ಕಾಲದಾಗ ಒಂದ್ ಗುಂಡೂ ಕೈ ಕೊಡ್ತಿರ್ಲಿಲ್ಲವ್ವಾ, ಈಗಿನ ಮಾಲು ಭಾಳ ಕಳಪಿ ಅದ” ಅಂತ ನನ್ನ ತಲೆ ತಿಂದವರು. ಅಷ್ಟು ತಿಳಿದವರು ಐದು ಡಬ್ಬಿಯನ್ನೂ ಒಂದೇ ತಾಟಿಗೆ ಸುರಿದು, ಪೂಜೆ ಮುಗಿದ ಮೇಲೆ ಕೈಗೆ ಸಿಕ್ಕಂತೆ ಸಾಲಾಗಿ ತುಂಬಿಟ್ಟಿರಿ.

ಆಗಲಿ, ಭಕ್ತಿಯಲ್ಲಿ ಮರೆತಿರಿ. ಅದನ್ನು ನಾನು ನುಂಗಿಕೊಳ್ಳುತ್ತಿದ್ದೆ.

ಆದರೆ ಸ್ಪರ್ಧೆಯ ಸಂಜೆ? ಅರವತ್ತು ಗುಂಡಿನಲ್ಲಿ ಹನ್ನೊಂದು ಎಲ್ಲೆಲ್ಲೋ ಹೋಗಿ, ಎರಡು ಹಾರದೇ ಇದ್ದು, ತಂಡದಿಂದ ಹೊರಗೆ ಬಿದ್ದು ಬಂದೆ. “ಗುಂಡು ಹಳೇ ಲಾಟಿಂದೇ ಅಪ್ಪಾಜಿ, ಎರಡು ಹಾರದಿದ್ರೂ ಅದು ಕೆಟ್ಟಿದ್ದಲ್ಲ, ನನ್ನ ಕೈನೇ ಕೆಟ್ಟದ” ಅಂತ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಕೆಟ್ಟದ್ದು ನನ್ನ ಕೈಯಲ್ಲ, ತಾಟಿನಲ್ಲಿ ಬೆರೆತ ಗುಂಡು ಅಂತ ಆ ಕ್ಷಣ ನಿಮಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ನನ್ನ ಮುಂದೆ ಹೇಳಬೇಡಿ. ನೀವು ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೋದಿರಿ, ಮನೆಯಲ್ಲಿ ಹಾಲಿತ್ತು.

ಆಮೇಲೆ ನನ್ನನ್ನು ನರದ ಡಾಕ್ಟರರ ಹತ್ತಿರ ಸ್ಕೂಟರಿನಲ್ಲಿ ಕರೆದುಕೊಂಡು ಹೋದವರೂ ನೀವೇ. ಎರಡೂ ಕೈ ಚಾಚಿ, ಬೆರಳು ಅಗಲಿಸಿ ನಾನು ಅವರ ಮುಂದೆ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ನೀವು ನನ್ನ ಫೈಲು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದಿರಿ. ಮೂರು ತಿಂಗಳು ನಿದ್ದೆ ಬರಿಸುವ ಗುಳಿಗೆ ನುಂಗಿದೆ. ಇನ್ನು ಶೂಟಿಂಗ್ ಬಿಟ್ಟೆ ಅಂತ ಕೋಚ್ ರಘುರಾಮ ಸರ್‌ಗೆ ಬರೆದುಕೊಟ್ಟೆ. ಆ ಕಾಗದವನ್ನು ತಿದ್ದಿಕೊಟ್ಟವರು ನೀವು, ಅಪ್ಪಾಜಿ. ಇಲ್ಲಿನ ಕ್ಲಬ್ಬಿಗೆ ಮರಾಠಿಯಲ್ಲೇ ಬರೆಯಬೇಕಿತ್ತು, ಅದರ ಮರಾಠಿ ಸರಿಮಾಡಿಕೊಟ್ಟಿರಿ. ಹೇಗಾದರೂ ಮನಸ್ಸು ಬಂತು ನಿಮಗೆ?

ಇವತ್ತು ಬೆಳಿಗ್ಗೆ ರೇಂಜಿಗೆ ಹೋಗಿ, ಸರ್ ಹತ್ತಿರ ಉಳಿದಿದ್ದ ಹಳೆಯ ಲಾಟಿನ ಒಡೆಯದ ಡಬ್ಬಿಯಿಂದ ಹತ್ತು ಗುಂಡು ಹೊಡೆದೆ. ಹತ್ತೂ ಹತ್ತಕ್ಕೆ. ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿಯಿತು. ಸರ್ “ಇದೇನು ಪವಾಡ?” ಅಂದರು. ನಾನು ರೈಫಲ್ ಚೀಲಕ್ಕೆ ಹಾಕಿಕೊಂಡು ಹೊರಟೆ. ಅದಕ್ಕೆ ಉತ್ತರ ನಾನು ಹೇಳುವ ಮಾತಲ್ಲ.

ನಾಳೆ ಎಂಟು ಗಂಟೆಗೆ ರೇಂಜಿಗೆ ಹೊರಡುತ್ತೇನೆ. ನೀವೂ ಬರಬೇಕು. ಸರ್ ಎದುರು ನಿಂತು, ನನ್ನ ಮಗಳ ಕೈ ಯಾವತ್ತೂ ನಡುಗಿರಲಿಲ್ಲ, ನನಗೆ ಗೊತ್ತಿತ್ತು ಅಂತ ನಿಮ್ಮ ಬಾಯಿಂದಲೇ ಹೇಳಬೇಕು. ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ, ಮತ್ತೆ ತಂಡಕ್ಕೂ ಸೇರುತ್ತೇನೆ. ಆದರೆ ಇನ್ನು ಮುಂದೆ ನಾನು ಗೆದ್ದ ಸುದ್ದಿಯನ್ನು ನೀವು ಪೇಪರಿನಲ್ಲೇ ಓದಬೇಕಾಗುತ್ತದೆ.

ಬಿಪಿ ಗುಳಿಗೆ ತಪ್ಪಿಸಬೇಡಿ. ಬಸವಣ್ಣ ನಿಮಗೆ ಒಂದು ನಿಜ ಹೇಳುವಷ್ಟು ಗಟ್ಟಿತನ ಕೊಡಲಿ.

ಸಿಟ್ಟು ಇಳಿಯದ ನಿಮ್ಮ ಮಗಳು,
ತ್ರಿವೇಣಿ