ನಾಲ್ಕನೆಯ ಲಡಿ

ಮಾಳಮಡ್ಡಿ, ಧಾರವಾಡ
೧೪ ಸಪ್ಟೆಂಬರ ೧೯೩೯

ಪ್ರೀತಿಯ ತ್ರ್ಯಂಬಕಾ,

ಆಶೀರ್ವಾದ. ನಿನ್ನ ಕೆಮ್ಮು ಕಡಿಮೆಯಾಯಿತೇ? ಸೊಲ್ಲಾಪುರದ ಖಾನಾವಳಿಯ ಎಣ್ಣೆ ನಿನಗೆ ಒಗ್ಗುವುದಿಲ್ಲ, ಬಿಸಿನೀರು ಕುಡಿಯುತ್ತಿರು. ಇಲ್ಲಿ ಎಲ್ಲರೂ ಕ್ಷೇಮ, ನನ್ನ ತಲೆಯೊಂದನ್ನು ಬಿಟ್ಟು. ಅದು ನಿನ್ನೆಯಿಂದ ಕಾದ ಹೆಂಚಾಗಿದೆ. ಕಾರಣ ನಿನ್ನ ಮಗ.

ಬಿಂದುಮಾಧವನ ಶಾಲೆಯಲ್ಲಿ ಈಗ ತಕಲಿಯಿಂದ ನೂಲು ತೆಗೆಸುತ್ತಾರೆ. ನಾಲ್ಕು ಹುಡುಗರಿಗೆ ಒಂದು ತಂಡ, ತಲೆಗೊಂದು ಲಡಿ ಸುತ್ತಿದ ನೂಲು. ಈ ಮಹಾರಾಯ ಮುಖ ಸಣ್ಣದು ಮಾಡಿಕೊಂಡು ಬಂದು, “ಅಜ್ಜಾ, ಅವರು ಮೂರೂ ಮಂದಿ ಕೈ ಹಚ್ಚೂದಿಲ್ಲ. ಅವರ ಮೂರು ಲಡಿ ನಾನ ಸಾಲ್ಯಾಗ ನೂತೇನಿ, ಬೆರಳು ಉರಿತಾವ. ನಂದೊಂದು ನೀವು ಮಾಡಿಕೊಡ್ರಿ” ಎಂದ. ನನ್ನ ಕರುಳು ಕೇಳಬೇಕಲ್ಲ! ನಲವತ್ತು ವರ್ಷ ಜನಿವಾರದ ನೂಲು ತೆಗೆದ ಕೈ ಇದು. ದಿನವೂ ಸಂಧ್ಯಾವಂದನೆ ಮುಗಿಸಿ ಅವನ ಹತ್ತಿ ಹಿಡಿದು ಕೂತೆ. ಅವನು ಅಂಗಳದಲ್ಲಿ ಗೋಲಿ ಆಡಿದ.

ನಿನ್ನೆ ಆ ಮೂವರ ಮೇಲಿನ ಸಿಟ್ಟು ತಡೆಯಲಾಗದೆ ಶಾಲೆಗೇ ಹೋದೆ. ಏಕನಾಥ ಮಾಸ್ತರರ ಎದುರು, ಇಡೀ ತರಗತಿ ಕೇಳುವಂತೆ ಕೂಗಾಡಿದೆ. ಆ ತಂಡದ ಅರ್ಜುನಪ್ಪ ಎದ್ದು ನಿಂತ; ಗಬ್ಬೂರಿನ ಹುಡುಗ, ಇಲ್ಲಿ ವಸತಿಗೃಹದಲ್ಲಿದ್ದು ಓದುತ್ತಾನೆ. ಅವನನ್ನು “ಮೈಗಳ್ಳ” ಎಂದುಬಿಟ್ಟೆ. ಅವನು ಎರಡೂ ಕೈ ಮುಂದೆ ಚಾಚಿದ. ಬೆರಳ ತುದಿಗಳು ಒಡೆದಿದ್ದವು. ಮಾಸ್ತರರು ನಾಲ್ಕು ಲಡಿ ತಂದು ಮೇಜಿನ ಮೇಲಿಟ್ಟರು. ಮೂರು ದಪ್ಪ, ಗಂಟುಗಂಟು, ಒಂದೊಂದೂ ಒಂದೊಂದು ಮಗುವಿನ ಕೈಯದು. ಬಿಂದುವಿನ ಹೆಸರಿನ ಚೀಟಿ ಇದ್ದ ನಾಲ್ಕನೆಯದು ಕೂದಲೆಳೆಯಷ್ಟು ಸಣ್ಣ. “ಇದು ಯಾರ ಕೈಕೆಲಸ ಅಂತ ನಿಮಗ ನಾ ಏನು ಹೇಳ್ಲಿರಿ, ವೆಂಕಣ್ಣನವರ?” ಎಂದರು. ನನ್ನ ನೂಲು ನನಗೆ ಗುರುತು ಸಿಗದೇ? ಮನೆಯ ದೀಪವೆಂದು ಮುತ್ತಿಟ್ಟು ಮೀಸೆ ಸುಟ್ಟುಕೊಂಡೆ.

ಅವನ ಮೇಲೆ ಸಿಟ್ಟಿದೆ, ನನ್ನ ಮೇಲೆ ಅದರ ಎರಡರಷ್ಟು. ಒಂದು ಎಳೆಯನ್ನೂ ನೂಲದವನ ಮಾತು ಕೇಳಿ, ತನ್ನ ಪಾಲು ಮುಗಿಸಿದ ಮಗುವನ್ನು ಎಲ್ಲರೆದುರು ಮೈಗಳ್ಳನೆಂದೆನಲ್ಲ! ನಿನ್ನ ಹೆಂಡತಿ ಅಂಬಾಬಾಯಿ, “ಸಣ್ಣಾವ ಇದ್ದಾನ, ಬಿಡ್ರಿ ಮಾವಾ” ಎನ್ನುತ್ತಾಳೆ. ಅರ್ಜುನಪ್ಪನೇನು ದೊಡ್ಡವನೇ?

ದೇವರು ನಿನ್ನ ಎದೆಯ ಕಫ ಕರಗಿಸಲಿ, ಆಯುಷ್ಯ ಕೊಡಲಿ.

ನಿನ್ನ ಅಪ್ಪ,
ವೆಂಕಣ್ಣ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ನಾಳೆ ಅದೇ ತರಗತಿಗೆ ಹೋಗಿ ಅರ್ಜುನಪ್ಪನಿಗೆ ನನ್ನದು ತಪ್ಪಾಯಿತು ಎನ್ನುತ್ತೇನೆ. ಬಿಂದುವಿಗೆ, “ನೀನೂ ತಪ್ಪಾಯಿತು ಅನ್ನಬೇಕು” ಎಂದು ಹೇಳಿದೆ. ಅವನು ಏನೆಂದ ಗೊತ್ತೇ? “ಅಜ್ಜಾ, ಹೆಂಗೂ ಹೊಂಟೀರಿ, ನಂದೂ ನೀವ ಹೇಳಿಬಿಡ್ರಿ.” ಶನಿವಾರದ ಗಾಡಿಗೆ ಬಾ.